ಪುಣ್ಯಾಶ್ರಮದ ನಾಟಕ ಕಂಪನಿ

ರಾಯಚೂರು ನಗರದ ರಂಗಮಂದಿರವು ಒಬ್ಬ ಗಾಯಕರ ಹೆಸರನ್ನು ಹೊತ್ತು ನಿಂತಿದೆ. ಅವರು ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು. 1918ರಲ್ಲಿ ರಾಯಚೂರು ಜಿಲ್ಲೆಯ ಜಂಬಲದಿನ್ನಿಯಲ್ಲಿ ಹುಟ್ಟಿ, ಹಿಂದೂಸ್ತಾನಿ ಸಂಗೀತದಲ್ಲಿಯೂ ವಚನಗಾಯನದಲ್ಲಿಯೂ ನಾಡಿನ ಮನ್ನಣೆಗೆ ಪಾತ್ರರಾಗಿ, 1988ರಲ್ಲಿ ಅವರು ತೀರಿಕೊಂಡರು. ಈ ಸೀಮೆಗೆ ಹಾಡು ಹೊಸದಲ್ಲ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಈ ನೆಲದವರೇ. ಅರಕೇರಾ, ದೇವದುರ್ಗ, ಮಾನ್ವಿಗಳ ಸುತ್ತಣ ಹಳ್ಳಿಗಳಲ್ಲಿ ಭಜನೆಯ ಮೇಳ, ಬಯಲಾಟದ ಹಾಡು ತಲೆಮಾರುಗಳಿಂದ ನಡೆದುಬಂದಿವೆ. ಆದರೆ ಒಳ್ಳೆಯ ಕೊರಳುಳ್ಳ ಹಳ್ಳಿಯ ಹುಡುಗನೊಬ್ಬ ರಾಗಸಂಗೀತವನ್ನು ಕ್ರಮವಾಗಿ ಕಲಿಯಬೇಕೆಂದರೆ ಅಂದು ಊರು ಬಿಡದೆ ದಾರಿಯಿರಲಿಲ್ಲ. 1948ರವರೆಗೆ ರಾಯಚೂರು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಕೊಪ್ಪಳವನ್ನು ದಾಟಿ ಗದಗನ್ನು ಸೇರಿದರೆ ಅದು ಮುಂಬಯಿ ಪ್ರಾಂತ. ಆಡಳಿತ ಬೇರೆ, ಕಛೇರಿಯ ಭಾಷೆ ಬೇರೆ. ಆ ಗಡಿಯ ಆಚೆ ಒಬ್ಬ ಗುರುಗಳಿದ್ದರು. ಕಲಿಸಿದ್ದಕ್ಕೆ ಅವರು ಹಣ ಕೇಳುತ್ತಿರಲಿಲ್ಲ. ಕಲಿಯಲು ಬಂದವರಿಗೆ ಅನ್ನವನ್ನೂ ತಾವೇ ಇಕ್ಕುತ್ತಿದ್ದರು. ಅವರಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಸಿದ್ಧರಾಮರು ಅರಸಿ ಹೋದದ್ದು ಆ ಪಂಚಾಕ್ಷರ ಗವಾಯಿಗಳನ್ನು.

ಪಂಚಾಕ್ಷರ ಗವಾಯಿಗಳು 1892ರ ಫೆಬ್ರವರಿ 2ರಂದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಆ ಊರು ಈಗ ಹಾವೇರಿ ಜಿಲ್ಲೆಗೆ ಸೇರಿದೆ. ತಂದೆತಾಯಿಗಳು ಇಟ್ಟ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಬಡವರ ಮನೆಯಲ್ಲಿ ಇಬ್ಬರು ಕುರುಡು ಮಕ್ಕಳು ಹುಟ್ಟಿದರೆ ಅವರ ಮುಂದಿನ ಗತಿಯೇನೆಂಬುದನ್ನು ಆ ಕಾಲದ ಜನರು ವಿವರಿಸಿ ಹೇಳಬೇಕಾಗಿರಲಿಲ್ಲ. ಗುಡಿಯ ಕಟ್ಟೆ, ಸಂತೆಯ ಮೂಲೆ, ಚಾಚಿದ ಕೈ - ಇಷ್ಟೇ. ಆ ಗತಿಯಿಂದ ಇವರನ್ನು ಉಳಿಸಿದವರು ಹಾನಗಲ್ಲಿನ ಕುಮಾರಸ್ವಾಮಿಗಳು. ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ 1909ರಲ್ಲಿ ಶಿವಯೋಗಮಂದಿರವನ್ನು ಕಟ್ಟಿದ ಆ ಸ್ವಾಮಿಗಳು ಹುಡುಗರ ಕೊರಳಿನ ಗುಣವನ್ನು ಗುರುತಿಸಿ ಸಂಗೀತಕ್ಕೆ ಹಚ್ಚಿದರು. ಗದಿಗೆಯ್ಯನು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದನು; ಮುಂದೆ ಮಿರಜಿನ ನೀಲಕಂಠ ಬುವಾ ಅವರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಕಲಿತನು. ಎರಡು ಪದ್ಧತಿಗಳಲ್ಲಿಯೂ ಸಮನಾದ ಪ್ರಭುತ್ವವನ್ನು ಪಡೆದವರು ಎಂದಿಗೂ ವಿರಳ. ಗದಿಗೆಯ್ಯನು ಹಾಗೆ ಪಂಚಾಕ್ಷರ ಗವಾಯಿಯಾದನು.

ಗುರುಗಳಿಂದ ಪಡೆದ ಉಪಕಾರವನ್ನು ಅವರು ತೀರಿಸಿದ ಬಗೆ ವಿಶೇಷವಾದುದು. ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ, ಬಡತನದಲ್ಲಿ ನೊಂದ ಮಕ್ಕಳನ್ನು ಕೂಡಿಸಿಕೊಂಡು ಒಂದು ಸಂಗೀತ ಪಾಠಶಾಲೆಯನ್ನು ನಡೆಸತೊಡಗಿದರು. ಶಾಲೆಗೆ ಕಟ್ಟಡವಿರಲಿಲ್ಲ. ಯಾವ ಊರಿನವರು ಕರೆದರೆ ಆ ಊರಿಗೆ ಶಾಲೆ ಹೋಗುತ್ತಿತ್ತು. ಊರಿನವರು ಕೊಟ್ಟ ಜೋಳ, ಬೇಳೆಗಳಲ್ಲಿ ದಿನಗಳು ಕಳೆಯುತ್ತಿದ್ದವು. 1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದ ಮೇಲೆ ಇದ್ದ ದೊಡ್ಡ ಆಸರೆಯೂ ಹೋಯಿತು. ಕೊನೆಗೆ ಗದಗಿನ ಬಸರಿಗಿಡದ ವೀರಪ್ಪ ಎಂಬ ದಾನಿಗಳು ಜಾಗ ಕೊಟ್ಟರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಅವರ ಹೆಸರನ್ನೇ ಧರಿಸಿದೆ.

ಜಾಗವಾಯಿತು, ಅನ್ನವೆಲ್ಲಿಂದ ಬರಬೇಕು? ಜೋಳಿಗೆ ಹಿಡಿದು ತಿರುಗಿದರೆ ಒಂದು ಹೊತ್ತಿಗೆ ಬಂದೀತು. ಆದರೆ ಭಿಕ್ಷೆಯಿಂದ ತಪ್ಪಿಸಲೆಂದು ಕರೆತಂದ ಮಕ್ಕಳನ್ನು ಮತ್ತೆ ಭಿಕ್ಷೆಯ ಅನ್ನದಲ್ಲಿಯೇ ಬೆಳೆಸುವುದರಲ್ಲಿ ಒಂದು ಇಕ್ಕಟ್ಟಿದೆ. ಇನ್ನೊಂದು ಕೊರತೆಯೂ ಇತ್ತು. ಕೋಣೆಯೊಳಗೆ ಗುರುವಿನ ಎದುರು ಕುಳಿತು ಕಲಿತ ವಿದ್ಯೆ ನಾಲ್ಕು ಜನರ ನಡುವೆ ನಿಲ್ಲಬೇಕಾದರೆ ಆ ನಾಲ್ಕು ಜನರನ್ನು ಎಲ್ಲಿಂದಲಾದರೂ ತರಬೇಕು. ಹೆಸರಾದವರನ್ನು ಜನ ಕಛೇರಿಗೆ ಕರೆಯುತ್ತಾರೆ. ಹದಿನೈದು ವರ್ಷದ ಹುಡುಗನನ್ನು ಯಾರು ಕರೆಯುತ್ತಾರೆ? ಈ ಎರಡು ಕೊರತೆಗಳಿಗೂ ಆಶ್ರಮ ಕಂಡುಕೊಂಡ ಉತ್ತರ ಒಂದೇ: ನಾಟಕ ಕಂಪನಿ.

ಇಂದಿನ ಓದುಗರಿಗೆ ಇದು ವಿಚಿತ್ರವಾಗಿ ತೋರಬಹುದು. ಮಠದಂತಹ ಸಂಸ್ಥೆಗೂ ಬಣ್ಣದ ಬದುಕಿಗೂ ಎಲ್ಲಿಯ ನಂಟು? ಇದನ್ನು ತಿಳಿಯಲು ಆ ಕಾಲದ ರಂಗಭೂಮಿ ಹೇಗಿತ್ತೆಂಬುದನ್ನು ಸ್ವಲ್ಪ ನೋಡಬೇಕು. ಯುರೋಪಿನ ಆಪೆರಾದಲ್ಲಿ ಬಹುಮಟ್ಟಿಗೆ ಮಾತೆಲ್ಲವೂ ಹಾಡೇ. ನಮ್ಮ ಸಂಗೀತ ನಾಟಕಗಳಲ್ಲಿ ಮಾತು ಇರುತ್ತದೆ. ಆದರೆ ಭಾವ ಏರಿದಲ್ಲೆಲ್ಲ ಮಾತು ನಿಂತು ಹಾಡು ಮೊದಲಾಗುತ್ತದೆ. ಗದಗಿಗೆ ಈ ಕಲೆ ಹೊಸತಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಎಂಟನೆಯ ದಶಕದಲ್ಲಿಯೇ ಶಾಂತಕವಿಗಳು ಅಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದ್ದರು. ದಕ್ಷಿಣದಲ್ಲಿ 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಮುಂದೆ ಧಾರವಾಡ, ವಿಜಾಪುರ, ಬೆಳಗಾವಿಗಳ ಸೀಮೆಯಲ್ಲಿ ಕಂಪನಿಗಳು ಒಂದರ ಹಿಂದೆ ಒಂದು ಹುಟ್ಟಿದವು. ರಾಗಸಂಗೀತ ಅರಮನೆಯಿಂದ ಹೊರಗೆ ಬಂದು ರೈತರ ಕಿವಿಗೆ ಬಿದ್ದದ್ದು ಮುಖ್ಯವಾಗಿ ಈ ಕಂಪನಿಗಳ ತಗಡಿನ ಥೇಟರುಗಳಲ್ಲಿ ಎಂದರೆ ಅದು ಅತಿಶಯವಲ್ಲ.

ನಾಟಕದ ಹಾಡು ಗಾಯಕನಿಗೆ ಏನು ಕಲಿಸುತ್ತದೆ? ಮೊದಲನೆಯದಾಗಿ, ದನಿಯನ್ನು ದೂರ ಕಳಿಸುವುದನ್ನು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕುರ್ಚಿಯ ಮೇಲೆ ಕುಳಿತವನಿಗೆ ಕೇಳಿದರೆ ಸಾಲದು. ಹಿಂದೆ ನೆಲದ ಮೇಲೆ ಕುಳಿತು, ಕಡಿಮೆ ದರದ ಟಿಕೇಟು ಪಡೆದವನಿಗೂ ಹಾಡಿನ ಒಂದೊಂದು ಅಕ್ಷರ ಮುಟ್ಟಬೇಕು. ಮುಟ್ಟದಿದ್ದರೆ ಅವನು ಸುಮ್ಮನಿರುವವನಲ್ಲ. ಚೀರಿದರೂ ಆಗದು; ಚೀರಿದವನ ಕೊರಳು ಮೂರನೆಯ ಅಂಕಕ್ಕೆ ಒಡೆಯುತ್ತದೆ. ಹೊಟ್ಟೆಯಿಂದ ಉಸಿರೆತ್ತಿ, ಶ್ರುತಿ ಬಿಡದೆ, ರಾತ್ರಿಯಿಡೀ ಹಾಡಿ, ಮರುರಾತ್ರಿಯೂ ಹಾಡಬಲ್ಲ ಸಾಧನೆ ಕಂಪನಿಯಲ್ಲಿ ತಾನಾಗಿ ಆಗುತ್ತಿತ್ತು. ಎರಡನೆಯದು ಮಿತಿ. ಕಛೇರಿಯಲ್ಲಿ ಒಂದು ರಾಗವನ್ನು ಗಂಟೆಗಟ್ಟಲೆ ವಿಸ್ತರಿಸಬಹುದು. ಇಲ್ಲಿ ಮಗನನ್ನು ಕಳೆದುಕೊಂಡ ತಾಯಿ ಹಾಡಬೇಕು, ಐದು ನಿಮಿಷದಲ್ಲಿ ಮುಗಿಸಬೇಕು, ಅಷ್ಟರಲ್ಲಿ ರಾಗದ ಮುಖ ಕಾಣಬೇಕು, ಕೇಳುವವರ ಕಣ್ಣು ತೇವವಾಗಬೇಕು. ರಾಗಕ್ಕೂ ರಸಕ್ಕೂ ಇರುವ ಸಂಬಂಧವನ್ನು ಶಾಸ್ತ್ರಗ್ರಂಥಗಳು ಎಷ್ಟು ಹೇಳಿದರೂ ಅದರ ಪರೀಕ್ಷೆ ನಡೆಯುವುದು ಹೀಗೆ. ಜನಕ್ಕೆ ಮೆಚ್ಚುಗೆಯಾದರೆ 'ವನ್ಸ್ ಮೋರ್' ಎಂದು ಕೂಗಿ ಅದೇ ಹಾಡನ್ನು ಮತ್ತೆ ಹಾಡಿಸುತ್ತಿದ್ದರು. ಎರಡನೆಯ ಸಲ ಹಾಡುವಾಗ ಮೊದಲಿನಂತೆಯೇ ಹಾಡಿದರೆ ಸಪ್ಪೆ. ಹೊಸ ಎಳೆಯೊಂದನ್ನು ಅಲ್ಲಿಯೇ ತೆಗೆಯಬೇಕು. ಹುಡುಗರು ಮನೋಧರ್ಮದ ಗಾಯನವನ್ನು ಕಲಿತದ್ದು ಎಷ್ಟೋ ಸಲ ಈ ಕೂಗಿಗೆ ಉತ್ತರ ಕೊಡುತ್ತಲೇ.

ಉತ್ತರ ಕರ್ನಾಟಕದ ದೊಡ್ಡ ಗಾಯಕರ ಚರಿತ್ರೆಗಳನ್ನು ಓದಿದರೆ ರಂಗಭೂಮಿಯ ಋಣ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಕುಂದಗೋಳದ ರಾಮಭಾವು ಅವರು 'ಸವಾಯಿ ಗಂಧರ್ವ'ರೆನಿಸಿದ್ದು ನಾಟಕದ ಹಾಡಿನಿಂದ. 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ನಾಟಕ ಮಂಡಳಿಯಲ್ಲಿ ಪಾತ್ರ ವಹಿಸಿ ಹಾಡಿದವರು. ಅವರ ದನಿಗೆ ಮನಸೋತು ಗುರುಗಳು ದೊರೆತದ್ದು ಅಲ್ಲಿಂದ. ಯಲಿವಾಳದ ಬಸವರಾಜ ರಾಜಗುರುಗಳೂ ಅದೇ ಮಾಸ್ತರರ ಕಂಪನಿಯೊಡನೆ ತಿರುಗಿದವರು. ತಂದೆಯನ್ನು ಕಳೆದುಕೊಂಡ ಆ ಹುಡುಗನನ್ನು ಮುಂದೆ ಪಂಚಾಕ್ಷರ ಗವಾಯಿಗಳು ತಮ್ಮ ಬಳಿಗೆ ಕರೆದುಕೊಂಡರು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಹತ್ತೊಂಬತ್ತರ ತರುಣ ರಾಜಗುರು ಅಲ್ಲಿ ದೊಡ್ಡ ಸಭೆಯ ಮುಂದೆ ಮೊದಲ ಬಾರಿಗೆ ಹಾಡಲು ಕುಳಿತಾಗ ಪಕ್ಕದಲ್ಲಿ ತಬಲಾ ನುಡಿಸಲು ಕುಳಿತವರು ಸ್ವತಃ ಗುರುಗಳೇ. ನಾಡಿನ ಹಿರಿಯ ಗವಾಯಿ ತನ್ನ ಶಿಷ್ಯನಿಗೆ ಸಾಥಿಯಾಗಿ ಕುಳಿತದ್ದು ಸಾಮಾನ್ಯ ಸಂಗತಿಯಲ್ಲ. ಹುಡುಗನ ಲಯ ಎಲ್ಲಿ ಅಳುಕುತ್ತದೆಂಬುದು ಗುರುವಿಗೆ ಮಾತ್ರ ಗೊತ್ತಿರುತ್ತದೆ.

1944ರ ಜೂನ್ 11ರಂದು ಪಂಚಾಕ್ಷರ ಗವಾಯಿಗಳು ಗದಗಿನಲ್ಲಿ ಲಿಂಗೈಕ್ಯರಾದರು. ಆಶ್ರಮದ ಭಾರ ಅವರ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. ಪುಟ್ಟರಾಜರು ಅದೇ ಹಾನಗಲ್ ಸೀಮೆಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದವರು. ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. ಸೋದರಮಾವನ ಆಶ್ರಯದಲ್ಲಿ ಬೆಳೆದು ಗವಾಯಿಗಳ ಬಳಿಗೆ ಬಂದರು. ಹಾಡು, ಹಾರ್ಮೋನಿಯಂ, ತಬಲಾ, ಪಿಟೀಲು - ಯಾವುದನ್ನು ಹಿಡಿದರೂ ಅದು ಅವರಿಗೆ ಒಲಿಯಿತು. ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಆದರೆ ಆಶ್ರಮದ ಒಲೆಗೆ ಹೆಚ್ಚು ನೆರವಾದದ್ದು ಅವರು ಬರೆದ ನಾಟಕಗಳು. 'ಶ್ರೀ ಶಿವಯೋಗಿ ಸಿದ್ಧರಾಮ' ಎಂಬ ಅವರ ನಾಟಕ ಜನಮನ್ನಣೆ ಪಡೆದು ಆಶ್ರಮಕ್ಕೆ ಆದಾಯವನ್ನೂ ತಂದಿತು. ಕುಮಾರೇಶ್ವರರ ಕೃಪೆಯನ್ನೂ ಪಂಚಾಕ್ಷರ ಗವಾಯಿಗಳ ಹೆಸರನ್ನೂ ಹೊತ್ತ ನಾಟ್ಯ ಸಂಘವು ಊರಿಂದ ಊರಿಗೆ ಕ್ಯಾಂಪು ಹಾಕುತ್ತ ತಿರುಗಿತು. ಸಂಘದ ಪೂರ್ಣ ಹೆಸರು ಬಹಳ ಉದ್ದ. ಜನರು ಅದನ್ನು 'ಗದಗಿನ ಕಂಪನಿ' ಎಂದು ಮೊಟಕುಗೊಳಿಸಿಕೊಂಡರು.

ಬೇರೆ ಕಂಪನಿಗಳಿಗೂ ಇದಕ್ಕೂ ಇದ್ದ ಅಂತರವನ್ನು ಗಮನಿಸಬೇಕು. ವ್ಯಾಪಾರದ ಕಂಪನಿಗೆ ಹಾಡುವ ಹುಡುಗ ಬೇಕಾದದ್ದು ಅವನ ದನಿ ಎಳೆಯದಾಗಿರುವವರೆಗೆ. ಹದಿಮೂರು ಹದಿನಾಲ್ಕರಲ್ಲಿ ದನಿ ಒಡೆಯುತ್ತದೆ. ನಿನ್ನೆಯವರೆಗೆ ಪ್ರಹ್ಲಾದನಾಗಿ, ಧ್ರುವನಾಗಿ ಜನರನ್ನು ಅಳಿಸಿದವನು ಇಂದು ಯಾವ ಪಾತ್ರಕ್ಕೂ ಸಲ್ಲದವನಾಗುತ್ತಾನೆ. ಓದು ಇಲ್ಲ, ಬೇರೆ ಕಸುಬು ಗೊತ್ತಿಲ್ಲ. ಹೀಗೆ ದಾರಿ ತಪ್ಪಿದ ಬಾಲನಟರ ಕಥೆಗಳನ್ನು ಯಾರೂ ಬರೆದಿಡಲಿಲ್ಲ. ಆಶ್ರಮದ ಕಂಪನಿಗೆ ಬೆನ್ನಿಗೊಂದು ಪಾಠಶಾಲೆಯಿತ್ತು. ದನಿ ಒಡೆದ ಹುಡುಗ ತಬಲಾ ಕಲಿಯಬಹುದು, ಪೇಟಿ ಹಿಡಿಯಬಹುದು, ಒಂದೆರಡು ವರ್ಷ ಮೆಲ್ಲಗೆ ಮಂದ್ರದಲ್ಲಿ ಸಾಧನೆ ಮಾಡಿ ಗಂಡುದನಿಯಲ್ಲಿ ಮತ್ತೆ ಹಾಡಬಹುದು. ಕಣ್ಣಿಲ್ಲದವನಿಗೂ ರಂಗದಲ್ಲಿ ಸ್ಥಾನವಿತ್ತು. ನಾಟಕದ ಹಾರ್ಮೋನಿಯಂ ನುಡಿಸುವವನಿಗೆ ಬೇಕಾದದ್ದು ಕಿವಿ. ನಟನ ಮಾತು ಯಾವ ಸ್ವರದಲ್ಲಿ ನಿಲ್ಲುತ್ತದೆ, ಹೆಜ್ಜೆ ಎಷ್ಟು ವೇಗವಾಗಿ ಬರುತ್ತದೆ, ಉಸಿರು ಎಲ್ಲಿ ಎಳೆಯುತ್ತಾನೆ ಎಂಬುದನ್ನು ಹಿಡಿದು ಅವನು ಶ್ರುತಿ ಕೊಡಬೇಕು. ನಟ ಪದ್ಯ ಮರೆತರೆ ನಾಲ್ಕು ಸ್ವರ ನುಡಿಸಿ ನೆನಪಿಸಬೇಕು. ಕಣ್ಣಿದ್ದವರು ತಡಬಡಿಸುವ ಈ ಕೆಲಸ ಕಿವಿಯಿಂದಲೇ ಜಗತ್ತನ್ನು ಅರಿತವನಿಗೆ ಸಹಜ.

ಅದಕ್ಕಿಂತ ಮುಖ್ಯವಾದುದು ಹಣದ ಮಾತು. ಥೇಟರಿನ ಬಾಗಿಲಲ್ಲಿ ಟಿಕೇಟು ಕೊಂಡವನು ದಾನ ಮಾಡಿದವನಲ್ಲ. ಹಾಡಿಗೆ ಬೆಲೆ ಕೊಟ್ಟವನು. ನಾಟಕ ಚೆನ್ನಾಗಿಲ್ಲದಿದ್ದರೆ ಬೈಯುವ ಹಕ್ಕು ಅವನಿಗಿದೆ. ಕುರುಡನೆಂದು ಕನಿಕರಿಸಿ ಬಿಲ್ಲೆ ಎಸೆಯುವವನ ಎದುರು ಹಾಡುವುದಕ್ಕೂ, ಬೈಯುವ ಹಕ್ಕುಳ್ಳವನ ಎದುರು ಹಾಡುವುದಕ್ಕೂ ಅಜಗಜಾಂತರ. ಆ ರಾತ್ರಿಯ ಗಳಿಕೆಯಿಂದ ಬಂದ ರೊಟ್ಟಿ ಉಂಡ ಹುಡುಗ ತಾನು ದುಡಿದು ಉಂಡವನು. ಆಶ್ರಮದಲ್ಲಿ ಕುಳಿತ ಇನ್ನೂ ಕಿರಿಯರಿಗೂ ಉಣಿಸಿದವನು.

ಹಾಗೆಂದು ಎಲ್ಲವೂ ಸುಗಮವಾಗಿತ್ತೆಂದು ತಿಳಿಯಬಾರದು. ಅಕಾಲದ ಮಳೆ ಬಂದರೆ ಕ್ಯಾಂಪು ಮುಳುಗಿತು. ಬರ ಬಿದ್ದರೆ ಜನರ ಕೈಯಲ್ಲಿ ಟಿಕೇಟಿಗೆ ಕಾಸಿಲ್ಲ. 1934ರಲ್ಲಿ 'ಸತಿ ಸುಲೋಚನ' ಎಂಬ ಮೊದಲ ಕನ್ನಡ ವಾಕ್ಚಿತ್ರ ಬಂದ ಮೇಲೆ ಪ್ರೇಕ್ಷಕರೂ ನಟರೂ ಮೆಲ್ಲಮೆಲ್ಲಗೆ ಆ ಕಡೆ ತಿರುಗಿದರು. ಉಳಿದ ಕಂಪನಿಗಳು ಜನರನ್ನು ಹಿಡಿದಿಡಲು ಹಾಸ್ಯವನ್ನು ಹೆಚ್ಚಿಸಿದವು. ಹಾಸ್ಯ ಅನೇಕ ಕಡೆ ಎರಡರ್ಥದ ಮಾತಾಯಿತು. ಹಾಡು ಕಡಿಮೆಯಾಗುತ್ತ ಬಂತು. ಐದು ಅಂಕಗಳಲ್ಲಿ ಐವತ್ತು ಹಾಡುಗಳಿದ್ದ ರಂಗದಲ್ಲಿ ಈಗ ಐದಾರು ಹಾಡು ಕೇಳಿದರೆ ಹೆಚ್ಚು. ಇದರಿಂದ ರಂಗಭೂಮಿಗೆ ಲಾಭವೋ ನಷ್ಟವೋ ಎಂಬ ಚರ್ಚೆ ಇರಲಿ. ಹಾಡುವ ಹುಡುಗರಿಗೆ ಒಂದು ಶಾಲೆಯೇ ಮುಚ್ಚಿದಂತಾಯಿತು. ಸಂಗೀತ ವಿದ್ಯಾಲಯಗಳು ಹೆಚ್ಚಿವೆ, ಪರೀಕ್ಷೆಗಳು ಹೆಚ್ಚಿವೆ. ಮುನ್ನೂರು ಜನ ಅಪರಿಚಿತರ ಎದುರು ದಿನವೂ ಹಾಡುವ ಅವಕಾಶ ಹೆಚ್ಚಿಲ್ಲ.

ಧರ್ಮಶಾಲೆಗೂ ರಂಗಸಂಗೀತಕ್ಕೂ ಇರುವ ಈ ನಂಟು ನಮ್ಮಲ್ಲಿ ಮಾತ್ರ ಕಂಡದ್ದಲ್ಲ. ಇಟಲಿಯ ನೇಪಲ್ಸ್ ನಗರದಲ್ಲಿ ಹದಿನಾರನೆಯ ಶತಮಾನದಲ್ಲಿ ಅನಾಥ ಮಕ್ಕಳಿಗಾಗಿ ನಾಲ್ಕು ಆಶ್ರಯಗಳು ಸ್ಥಾಪನೆಯಾದವು. ಅವುಗಳನ್ನು 'ಕನ್ಸರ್ವತೋರಿಯೊ' ಎನ್ನುತ್ತಿದ್ದರು. ಕಾಪಾಡುವ ತಾಣವೆಂದು ಅದರ ಅರ್ಥ. ಮಕ್ಕಳಿಗೆ ಹಾಡು ಕಲಿಸಿ, ಮೆರವಣಿಗೆಗಳಲ್ಲಿ, ಇಗರ್ಜಿಗಳಲ್ಲಿ ಹಾಡಿಸಿ, ಬಂದ ಹಣದಿಂದ ಆಶ್ರಯ ನಡೆಸುತ್ತಿದ್ದರು. ಆಪೆರಾದ ಹೆಸರಾಂತ ವಾಗ್ಗೇಯಕಾರ ಪೆರ್ಗೊಲೇಸಿ ಅಂತಹ ಒಂದು ಬಡಮಕ್ಕಳ ಆಶ್ರಯದಲ್ಲಿ ಕಲಿತವನು. ಇಂದು ಪಾಶ್ಚಾತ್ಯ ಜಗತ್ತಿನಲ್ಲಿ ಸಂಗೀತ ಮಹಾವಿದ್ಯಾಲಯಗಳಿಗೆ ಇರುವ 'ಕನ್ಸರ್ವೇಟರಿ' ಎಂಬ ಹೆಸರು ಆ ಅನಾಥಾಲಯಗಳಿಂದ ಬಂದದ್ದು. ನೇಪಲ್ಸಿನ ಸುದ್ದಿ ಗದಗಿನ ಗವಾಯಿಗಳಿಗೆ ತಿಳಿದಿರಬೇಕಾದ ಕಾರಣವಿಲ್ಲ. ಹಸಿದ ಮಕ್ಕಳು, ಹಾಡು ಬಲ್ಲ ಗುರು, ಕೇಳುವ ಜನ - ಈ ಮೂರೂ ಕೂಡಿದ ಕಡೆ ಬಹುಶಃ ಇಂತಹುದೇ ದಾರಿ ತೆರೆದುಕೊಳ್ಳುತ್ತದೆ.

ಪುಟ್ಟರಾಜ ಗವಾಯಿಗಳು ನಾಟಕವನ್ನೊಂದೇ ನಂಬಿ ಕೂರಲಿಲ್ಲ. ಭಕ್ತರು ಊರೂರಿನಲ್ಲಿ ಅವರ ತುಲಾಭಾರ ಮಾಡಿದರು; ತಕ್ಕಡಿಯಲ್ಲಿ ತೂಗಿದ ನಾಣ್ಯಗಳು ಆಶ್ರಮದ ಮಕ್ಕಳಿಗೆ ಸಂದವು. 1975ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ತೀರಿಕೊಂಡಾಗ ಗದಗಿಗೆ ಹರಿದುಬಂದ ಜನಸಾಗರದಲ್ಲಿ ಸಂಗೀತ ಬಲ್ಲವರಿಗಿಂತ ಸಂಗೀತವನ್ನು ಪ್ರೀತಿಸುವ ಸಾಮಾನ್ಯರೇ ಹೆಚ್ಚು. ಪಂಚಾಕ್ಷರ ಗವಾಯಿಗಳ ಜೀವನವನ್ನು ಕುರಿತ ಚಲನಚಿತ್ರ 1995ರಲ್ಲಿ ತೆರೆಗೆ ಬಂತು. ಅದರ ಸಂಗೀತಕ್ಕೂ ಗಾಯನಕ್ಕೂ ರಾಷ್ಟ್ರಪ್ರಶಸ್ತಿಗಳು ದೊರೆತವು. ನಿರ್ದೇಶಿಸಿದ ಚಿಂದೋಡಿ ಬಂಗಾರೇಶ್ ಅವರು ನಾಟಕ ಕಂಪನಿಯ ಮನೆತನದವರೇ. ರಂಗಭೂಮಿಯಿಂದ ಪ್ರೇಕ್ಷಕರನ್ನು ಕಸಿದ ಸಿನಿಮಾ ಇಷ್ಟನ್ನಾದರೂ ಹಿಂದಿರುಗಿಸಿತು.

ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ವೆಂಕಟೇಶಕುಮಾರ್ ಎಂಬ ಹುಡುಗನನ್ನು 1968ರಲ್ಲಿ ಸೋದರಮಾವ ಬೆಳಗಲ್ಲು ವೀರಣ್ಣನವರು ಪುಣ್ಯಾಶ್ರಮಕ್ಕೆ ಕರೆತಂದು ಬಿಟ್ಟರು. ವೀರಣ್ಣನವರು ತೊಗಲುಗೊಂಬೆಯಾಟದ ಹೆಸರಾಂತ ಕಲಾವಿದರು; ಹುಡುಗನ ತಂದೆಯೂ ಜಾನಪದ ಗಾಯಕರು. ಹನ್ನೆರಡು ವರ್ಷ ಆಶ್ರಮದಲ್ಲಿದ್ದು ಕಲಿತ ಆ ಹುಡುಗನ ಹಾಡನ್ನು ಇಂದು ದೇಶದ ದೊಡ್ಡ ಸಂಗೀತೋತ್ಸವಗಳು ಕಾದು ಕೇಳುತ್ತವೆ. 2016ರಲ್ಲಿ ಪದ್ಮಶ್ರೀ ಪುರಸ್ಕಾರವೂ ಸಂದಿತು. ಅವರು ತಾರದ ಷಡ್ಜದಲ್ಲಿ ನಿಂತಾಗ ಸಭಾಂಗಣದ ಕೊನೆಯ ಸಾಲಿಗೂ ದನಿ ತುಂಬಿ ಬರುವುದನ್ನು ಕೇಳಿದವರಿಗೆ ಧ್ವನಿವರ್ಧಕವಿಲ್ಲದ ಕಾಲದ ಕಂಪನಿಯ ಗಾಯಕರು ಹೇಗೆ ಹಾಡುತ್ತಿದ್ದರೆಂಬುದರ ಕಲ್ಪನೆ ಬಂದೀತು.

ಇನ್ನು ಸಿದ್ಧರಾಮ ಜಂಬಲದಿನ್ನಿಯವರ ವಿಷಯ. ಗುರುವಿನಿಂದ ಪಡೆದುದನ್ನು ಅವರು ತಮ್ಮಲ್ಲಿಯೇ ಕಟ್ಟಿಟ್ಟುಕೊಳ್ಳಲಿಲ್ಲ. ಶರಣರ ವಚನಗಳನ್ನು ಶುದ್ಧ ರಾಗಗಳಲ್ಲಿ ಅಳವಡಿಸಿ, ಅಕ್ಷರ ಮುಕ್ಕಾಗದಂತೆ, ಅರ್ಥ ಮಸುಕಾಗದಂತೆ ಹಾಡಿದರು. ರಾಯಚೂರು ಬಳಿಯ ವಡವಾಟಿಯ ನರಸಿಂಹಲು ಅವರ ಶಿಷ್ಯರಲ್ಲೊಬ್ಬರು. ಮದುವೆಯ ಬ್ಯಾಂಡಿನಲ್ಲಿ ಕೇಳಿ ಪರಿಚಿತವಾದ ಕ್ಲಾರಿಯೋನೆಟ್ ವಾದ್ಯವನ್ನು ಹಿಡಿದು, ಜಂಬಲದಿನ್ನಿಯವರಿಂದ ಕಲಿತ ಖ್ಯಾಲಿನ ಕ್ರಮವನ್ನು ಅದರ ಮೇಲೆ ಮೂಡಿಸಿ, ನರಸಿಂಹಲು ವಡವಾಟಿಯವರು ಆ ವಿದೇಶಿ ವಾದ್ಯದಿಂದ ಹಿಂದೂಸ್ತಾನಿ ರಾಗಗಳನ್ನು ಮನುಷ್ಯರ ಕೊರಳಿನಂತೆ ಹಾಡಿಸಿದರು.